ಸ್ಕ್ಲೀರಲ್ ಲೆನ್ಸ್‌ಗೆ ಒಗ್ಗಿಕೊಳ್ಳುವಾಗ ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಬಾರದು?

ಹೊಂಬೆಳಕು:

ನನಗೆ ಎರಡೂ ಕಣ್ಣುಗಳಲ್ಲಿ ಕೆರಟೋಕೋನಸ್ ಇದೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ. ಬಲಗಣ್ಣಿನಲ್ಲಿ ಹೆಚ್ಚು ಮುಂದುವರಿದಿದೆ, ಎಡಗಣ್ಣಿನಲ್ಲಿ ಕಡಿಮೆ. ಕಾರ್ನಿಯಾವನ್ನು ಗಟ್ಟಿಗೊಳಿಸುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಆಗಿದ್ದು, ಕಾರ್ನಿಯಾದ ಆಕಾರ ಸದ್ಯಕ್ಕೆ ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಮೊದಲು ಆರ್‌ಜಿಪಿ ಲೆನ್ಸ್ (ಕಾರ್ನಿಯಾದ ಮೇಲೆ ಕೂರುವ, ಆಮ್ಲಜನಕ ಹಾಯುವ ಚಿಕ್ಕ ಗಟ್ಟಿ ಲೆನ್ಸ್) ಹಾಕುತ್ತಿದ್ದೆ. ಬಲಗಣ್ಣಿನ ಉಬ್ಬಿನ ತುದಿಗೆ ಅದು ಉಜ್ಜುತ್ತಿತ್ತು, ಪಕ್ಕಕ್ಕೆ ನೋಡಿದರೆ ಜಾರುತ್ತಿತ್ತು, ಗಾಳಿಗೆ ಒಂದು ಧೂಳಿನ ಕಣ ಒಳಹೊಕ್ಕರೆ ಕಣ್ಣು ತೆರೆಯುವುದೇ ಕಷ್ಟವಾಗುತ್ತಿತ್ತು. ಹೀಗಾಗಿ ಈಗ ಎರಡೂ ಕಣ್ಣಿಗೆ ಸ್ಕ್ಲೀರಲ್ ಲೆನ್ಸ್ ಕೊಟ್ಟಿದ್ದಾರೆ, ಅಂದರೆ ಒಳಗೆ ಸಲೈನ್ (ಉಪ್ಪುನೀರಿನ ದ್ರಾವಣ) ತುಂಬಿ ಹಾಕುವ, ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಗಟ್ಟಿ ಲೆನ್ಸ್.

ದೃಷ್ಟಿಯ ವಿಷಯದಲ್ಲಿ ಎರಡು ಮಾತಿಲ್ಲ. ಪ್ರತಿ ಅಕ್ಷರದ ಕೆಳಗೂ ಜೋತುಬಿದ್ದಿರುತ್ತಿದ್ದ ಮಸುಕಾದ ನಕಲು ಲೆನ್ಸ್ ಹಾಕಿದ ಕೂಡಲೇ ಹೊರಟುಹೋಗುತ್ತದೆ, ಎದುರಿಗಿರುವವರ ಮುಖಭಾವ ಕೋಣೆಯ ಆಚೆ ಬದಿಯಿಂದಲೂ ಕಾಣುತ್ತದೆ. ಆದರೆ ಬೆಳಿಗ್ಗೆ ಹಾಕುವಾಗ ಒಳಗೆ ಗಾಳಿಗುಳ್ಳೆ ಸೇರಿಕೊಂಡು ಪದೇ ಪದೇ ತೆಗೆದು ಹಾಕಬೇಕಾಗುತ್ತದೆ. ನಾಲ್ಕೈದು ಗಂಟೆ ಕಳೆಯುವಷ್ಟರಲ್ಲಿ ಬಲಗಣ್ಣಿಗೆ ಮಂಜು ಕವಿಯುತ್ತದೆ. ಎಡಗಣ್ಣಿನ ಕಥೆಯೇ ಬೇರೆ: ಸಂಜೆಯ ಹೊತ್ತಿಗೆ ಮೂಗಿನ ಕಡೆಯ ಬಿಳಿಗುಡ್ಡೆಯಲ್ಲಿ ಒತ್ತಿದಂಥ ನೋವು ಶುರುವಾಗುತ್ತದೆ, ಲೆನ್ಸ್ ತೆಗೆದ ಮೇಲೆ ಅದೇ ಜಾಗದಲ್ಲಿ ಕಮಾನಿನಾಕಾರದ ಕೆಂಪು ಗುರುತು ಉಳಿದಿರುತ್ತದೆ.

ಲೆನ್ಸ್ ಕೊಟ್ಟ ಕಡೆ ಕೇಳಿದರೆ ಪ್ರತಿಯೊಂದಕ್ಕೂ "ಅಭ್ಯಾಸವಾಗುತ್ತದೆ" ಎಂಬ ಒಂದೇ ಉತ್ತರ. ನಿಜವಾಗಿಯೂ ಅಭ್ಯಾಸವಾಗುವಂಥದ್ದು ಯಾವುದು, ಲೆನ್ಸನ್ನೇ ತಿದ್ದಬೇಕಾದದ್ದು ಯಾವುದು ಎಂದು ಅನುಭವಿಗಳು ತಿಳಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಕಿಟಕಿಬೆಳಕು:

ಮೊದಲು ಒಂದು ಪ್ರಶ್ನೆ. ಮಂಜು ಕವಿದಾಗ ಲೆನ್ಸ್ ತೆಗೆದು ಹೊಸ ಸಲೈನ್ ತುಂಬಿ ಹಾಕಿಕೊಂಡರೆ ದೃಷ್ಟಿ ತಿಳಿಯಾಗುತ್ತದೆಯೇ, ಅಥವಾ ಲೆನ್ಸ್ ಕಣ್ಣಿನಲ್ಲಿರುವಾಗಲೇ ಅದರ ಮೇಲೆ ಎರಡು ಹನಿ ಹಾಕಿ ಕಣ್ಣು ಮಿಟುಕಿಸಿದರೂ ಸಾಕಾಗುತ್ತದೆಯೇ? ಮೊದಲನೆಯದಾದರೆ ಒಳಗಿನ ದ್ರವ ಕದಡಿದೆ ಎಂದರ್ಥ. ಎರಡನೆಯದಾದರೆ ಲೆನ್ಸ್‌ನ ಹೊರಮೈ ಒಣಗುತ್ತಿದೆ, ಇಲ್ಲವೇ ಅದರ ಮೇಲೆ ಜಿಡ್ಡು ಕೂರುತ್ತಿದೆ. ಎರಡಕ್ಕೂ ಮದ್ದು ಬೇರೆ.

ಹೊಂಬೆಳಕು:

ಹನಿ ಹಾಕಿದರೆ ಏನೂ ಆಗುವುದಿಲ್ಲ. ತೆಗೆದು ಹೊಸದಾಗಿ ತುಂಬಿದರೆ ತಕ್ಷಣ ತಿಳಿಯಾಗುತ್ತದೆ.

ಹಳೆಯಲೆನ್ಸ್:

ನಾನು ದಶಕಗಳಿಂದ ಆರ್‌ಜಿಪಿ ಹಾಕುತ್ತಿರುವವನು. ಇಂದಿನವರಿಗೆ ಸಹನೆ ಕಡಿಮೆಯಾಗಿದೆ ಎಂದು ಹೇಳದೆ ವಿಧಿಯಿಲ್ಲ. ಗಟ್ಟಿ ಲೆನ್ಸ್ ಹಾಕಿದ ಆರಂಭದಲ್ಲಿ ರೆಪ್ಪೆ ಮಿಟುಕಿಸಿದಾಗಲೆಲ್ಲ ಅಂಚು ಚುಚ್ಚಿದಂತಾಗುತ್ತದೆ, ನೀರು ಸುರಿಯುತ್ತದೆ, ತಲೆ ಮೇಲೆತ್ತಿ ನೋಡುವಂತಾಗುತ್ತದೆ. ಮೊದಲ ದಿನ ಕೆಲವೇ ಗಂಟೆ ಹಾಕಿ, ಮರುದಿನ ಒಂದೆರಡು ಗಂಟೆ ಹೆಚ್ಚಿಸಿ, ಹೀಗೆ ಏರಿಸುತ್ತ ಹೋದರೆ ರೆಪ್ಪೆ ತಾನಾಗಿಯೇ ಒಗ್ಗಿಕೊಳ್ಳುತ್ತದೆ. ಸಣ್ಣ ಕಿರಿಕಿರಿಗೆಲ್ಲ ಲೆನ್ಸ್ ಬದಲಾಯಿಸಿ ಎಂದು ಹಟ ಹಿಡಿದರೆ ಯಾವ ಲೆನ್ಸೂ ಒಗ್ಗುವುದಿಲ್ಲ. ಹೊಂಬೆಳಕು ಅವರು ಇನ್ನೂ ಸ್ವಲ್ಪ ಕಾಯುವುದು ಒಳ್ಳೆಯದು.

ದೃಷ್ಟಿಮಾಪಕಿ:

ಹಳೆಯಲೆನ್ಸ್ ಅವರು ಆರ್‌ಜಿಪಿಯ ಬಗ್ಗೆ ಹೇಳಿದ್ದು ಸರಿ, ಆದರೆ ಅದನ್ನು ಸ್ಕ್ಲೀರಲ್‌ಗೆ ಅನ್ವಯಿಸುವುದು ಸರಿಯಲ್ಲ. ನಾನು ಆಪ್ಟೋಮೆಟ್ರಿಸ್ಟ್, ಇಂಥ ಲೆನ್ಸ್‌ಗಳನ್ನು ಕೂರಿಸುವುದೇ ನನ್ನ ದಿನದ ಕೆಲಸ.

ಕಾರ್ನಿಯಾದ ಮೇಲೆ ಕೂರುವ ಆರ್‌ಜಿಪಿ ಸುಮಾರು 9 ಅಥವಾ 10 ಮಿಲಿಮೀಟರ್ ಅಗಲವಿರುತ್ತದೆ. ಪ್ರತಿ ಮಿಟುಕಿಗೂ ಅದು ಚಲಿಸುತ್ತದೆ, ಅದರ ಅಂಚಿನ ಮೇಲೆ ರೆಪ್ಪೆ ಹಾದುಹೋಗುತ್ತದೆ. ದೇಹದಲ್ಲೇ ಅತಿ ಸೂಕ್ಷ್ಮವಾದ ಭಾಗಗಳಲ್ಲಿ ಕಾರ್ನಿಯಾ ಒಂದು, ಆದ್ದರಿಂದ ಅಲ್ಲಿ ಒಗ್ಗಿಕೊಳ್ಳುವ ಅವಧಿ ಎಂಬುದೊಂದು ನಿಜವಾಗಿಯೂ ಇದೆ. ಸ್ಕ್ಲೀರಲ್ ಲೆನ್ಸ್ 15 ಮಿಲಿಮೀಟರ್ ಆಸುಪಾಸಿನಿಂದ 20ಕ್ಕೂ ಹೆಚ್ಚು ಅಗಲದವರೆಗೆ ಇರುತ್ತದೆ. ಅದು ಕಾರ್ನಿಯಾವನ್ನು ಎಲ್ಲಿಯೂ ಮುಟ್ಟದೆ ಅದರ ಮೇಲೆ ಕಮಾನು ಕಟ್ಟಿ, ತನ್ನ ಭಾರವನ್ನೆಲ್ಲ ನೋವಿನ ಅರಿವು ಕಡಿಮೆ ಇರುವ ಬಿಳಿಗುಡ್ಡೆಯ ಮೇಲೆ ಇಡುತ್ತದೆ. ಅಂಚುಗಳೂ ರೆಪ್ಪೆಗಳ ಅಡಿಯಲ್ಲಿ ಮರೆಯಾಗಿರುತ್ತವೆ. ಹೀಗಾಗಿ ಸರಿಯಾಗಿ ಕೂತ ಸ್ಕ್ಲೀರಲ್ ಲೆನ್ಸ್ ಮೊದಲ ದಿನದಿಂದಲೇ ಸಾಕಷ್ಟು ಹಿತವಾಗಿರಬೇಕು. ಕಣ್ಣಿನಲ್ಲಿ ಏನೋ ಇದೆ ಎಂಬ ಅರಿವು, ಸ್ವಲ್ಪ ಭಾರವೆನಿಸುವುದು, ಮಿಟುಕಿಸುವುದರ ಮೇಲೇ ಗಮನ ಹೋಗುವುದು, ಇವೆಲ್ಲ ದಿನ ಕಳೆದಂತೆ ಮರೆಯುತ್ತವೆ.

ಗಂಟೆಗಳು ಕಳೆದಂತೆ ಹೆಚ್ಚುತ್ತ ಹೋಗುವ ನೋವು, ಅದೂ ಒಂದೇ ಜಾಗದಲ್ಲಿ, ತೆಗೆದ ಮೇಲೆ ಗುರುತು ಬಿಡುವ ನೋವು ಆ ಪಟ್ಟಿಗೆ ಸೇರುವುದಿಲ್ಲ. ಲೆನ್ಸ್‌ನ ಅಂಚು ಅಲ್ಲಿ ಬಿಗಿಯಾಗಿ ಒತ್ತುತ್ತಿದೆ. ಬಿಳಿಗುಡ್ಡೆ ಎಲ್ಲ ದಿಕ್ಕಿನಲ್ಲೂ ಒಂದೇ ಇಳಿಜಾರಿನಲ್ಲಿ ಇರುವುದಿಲ್ಲ, ಮೂಗಿನ ಕಡೆ ಚಪ್ಪಟೆಯಾಗಿರುವುದು ಸಾಮಾನ್ಯ. ಎಲ್ಲ ದಿಕ್ಕಿಗೂ ಒಂದೇ ತೆರನಾದ ಅಂಚಿರುವ ಲೆನ್ಸ್ ಕೊಟ್ಟರೆ ಒಂದು ಕಡೆ ಒತ್ತುತ್ತದೆ, ಮತ್ತೊಂದು ಕಡೆ ಎತ್ತಿಕೊಳ್ಳುತ್ತದೆ. ಸ್ಲಿಟ್ ಲ್ಯಾಂಪಿನಲ್ಲಿ, ಅಂದರೆ ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒತ್ತಿದ ಜಾಗದ ರಕ್ತನಾಳಗಳು ಬಿಳಿಚಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ಅಂಚನ್ನು ದಿಕ್ಕಿಗೆ ತಕ್ಕಂತೆ ಬೇರೆ ಬೇರೆ ಇಳಿಜಾರಿನಲ್ಲಿ ಮಾಡಿಸಬಹುದು, ಅದಕ್ಕೆ ಟೋರಿಕ್ ಹ್ಯಾಪ್ಟಿಕ್ ಎನ್ನುತ್ತೇವೆ. ಎಷ್ಟೇ ಕಾದರೂ ನಿಮ್ಮ ಬಿಳಿಗುಡ್ಡೆಯ ಆಕಾರ ಲೆನ್ಸ್‌ಗೆ ತಕ್ಕಂತೆ ಬದಲಾಗುವುದಿಲ್ಲ.

ಹಳೆಯಲೆನ್ಸ್:

ನೋವನ್ನು ಸಹಿಸಿ ಎಂದು ನಾನು ಹೇಳಲಿಲ್ಲ, ಕಿರಿಕಿರಿಯನ್ನು ಸಹಿಸಿ ಎಂದೆ. ಲೆನ್ಸ್ ಹಾಕಿದ ಮೇಲೆ ಕೆಲವು ಗಂಟೆಗಳಲ್ಲಿ ಅದು ಕೆಳಗಿಳಿದು ಕೂರುತ್ತದೆ ಎಂದು ನಾನೂ ಕೇಳಿದ್ದೇನೆ. ಹಾಗಿದ್ದ ಮೇಲೆ ಹಾಕಿದ ತಕ್ಷಣ ನೋಡಿ ತೀರ್ಮಾನಿಸುವುದೂ ತಪ್ಪಲ್ಲವೇ?

ದೃಷ್ಟಿಮಾಪಕಿ:

ಖಂಡಿತ ತಪ್ಪು, ಈ ಮಾತನ್ನು ಎತ್ತಿದ್ದು ಒಳ್ಳೆಯದಾಯಿತು. ಬಿಳಿಗುಡ್ಡೆಯ ಮೇಲಿನ ಪೊರೆ ಮೆತ್ತಗಿರುವುದರಿಂದ ಲೆನ್ಸ್ ಅದರೊಳಕ್ಕೆ ಸುಮಾರು 100 ಮೈಕ್ರಾನ್‌ನಷ್ಟು ಇಳಿಯುತ್ತದೆ, ಕೆಲವರಲ್ಲಿ ಇನ್ನೂ ಹೆಚ್ಚು. ಕಾರ್ನಿಯಾದ ದಪ್ಪವೇ ಆರೋಗ್ಯವಂತ ಕಣ್ಣಿನಲ್ಲಿ ಮಧ್ಯಭಾಗದಲ್ಲಿ ಸುಮಾರು 540 ಮೈಕ್ರಾನ್ ಎಂಬುದನ್ನು ನೆನೆದರೆ ಇದು ಸಣ್ಣ ಅಳತೆಯಲ್ಲ. ಆದ್ದರಿಂದಲೇ ಫ್ಲೋರೆಸೀನ್ ಬಣ್ಣ ಹಾಕಿ ಒಳಗಿನ ಅಂತರವನ್ನು ಹಾಕಿದ ಕೂಡಲೇ ಒಮ್ಮೆ, ಕೆಲವು ಗಂಟೆ ಕಳೆದು ಮತ್ತೊಮ್ಮೆ ನೋಡಬೇಕು. ಹೊಂಬೆಳಕು ಅವರೇ, ತಪಾಸಣೆಗೆ ಹೋಗುವ ದಿನ ಬೆಳಿಗ್ಗೆಯೇ ಲೆನ್ಸ್ ಹಾಕಿಕೊಂಡು ಹೋಗಿ. ಲೆನ್ಸನ್ನು ಡಬ್ಬಿಯಲ್ಲಿಟ್ಟು ಒಯ್ದರೆ ಒತ್ತಿದ ಗುರುತು ಯಾರಿಗೂ ಕಾಣುವುದಿಲ್ಲ.

ನೀರಹನಿ:

ಗಾಳಿಗುಳ್ಳೆಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಇದು ಮಾತ್ರ ನಿಜಕ್ಕೂ ಕೈ ಪಳಗಬೇಕಾದ ವಿಷಯ.

ಮುಖ ನೆಲಕ್ಕೆ ಸಮಾನಾಂತರವಾಗಿರಬೇಕು. ಹೆಚ್ಚಿನವರು ಮುಖವನ್ನು ಅರ್ಧ ಬಗ್ಗಿಸಿ, ಎದುರಿನ ಕನ್ನಡಿ ನೋಡುತ್ತ ಹಾಕಲು ಹೋಗುತ್ತಾರೆ, ಅಷ್ಟರಲ್ಲಿ ದ್ರವ ಒಂದು ಕಡೆಯಿಂದ ಚೆಲ್ಲಿಹೋಗಿ ಆ ಜಾಗಕ್ಕೆ ಗಾಳಿ ಸೇರಿಕೊಳ್ಳುತ್ತದೆ. ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ, ಅದರ ಕೆಳಗೆ ಒಂದು ಸ್ವಚ್ಛವಾದ ಬಟ್ಟೆ ಹಾಸಿಕೊಳ್ಳಿ. ದೊಡ್ಡ ಪ್ಲಂಜರಿನ (ಲೆನ್ಸ್ ಹಿಡಿದಿಡುವ ರಬ್ಬರಿನ ಪುಟ್ಟ ಬಟ್ಟಲಿನಂಥ ಸಾಧನ) ಮೇಲೆ ಲೆನ್ಸ್ ಕೂರಿಸಿ, ಸಲೈನ್ ಅಂಚಿಗಿಂತ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ. ತುಂಬಿದ ಮೇಲೆ ಒಮ್ಮೆ ಓರೆಯಾಗಿ ನೋಡಿದರೆ ತಳದಲ್ಲಿ ಸಣ್ಣ ಗುಳ್ಳೆಗಳು ಅಂಟಿಕೊಂಡಿರುವುದು ಕಾಣಬಹುದು, ಅವನ್ನು ಅಲ್ಲಿಯೇ ಬಿಟ್ಟರೆ ಕಣ್ಣಿನೊಳಗೂ ಅವೇ ಇರುತ್ತವೆ. ಇನ್ನೊಂದು ಕೈಯ ಎರಡು ಬೆರಳುಗಳಿಂದ ರೆಪ್ಪೆಗಳನ್ನು ಬುಡದಲ್ಲಿಯೇ, ಅಂದರೆ ರೆಪ್ಪೆಗೂದಲಿನ ಸಾಲಿನಲ್ಲಿಯೇ ಹಿಡಿದು ಅಗಲಿಸಬೇಕು. ಹುಬ್ಬಿನ ಹತ್ತಿರ ಚರ್ಮ ಎಳೆದರೆ ರೆಪ್ಪೆ ಲೆನ್ಸ್‌ನ ಅಂಚಿಗೆ ಅಡ್ಡ ಬರುತ್ತದೆ.

ಪ್ಲಂಜರಿನ ನಡುವಿನ ತೂತನ್ನೇ ದಿಟ್ಟಿಸುತ್ತ ಲೆನ್ಸನ್ನು ನೇರವಾಗಿ ಮೇಲಕ್ಕೆ ತನ್ನಿ. ದ್ರವ ಕಣ್ಣಿಗೆ ತಾಗಿ ತಣ್ಣಗಾದಾಗ ಬಹಳ ಜನ ಅಲ್ಲಿಗೇ ನಿಲ್ಲಿಸಿ ರೆಪ್ಪೆ ಬಿಡುತ್ತಾರೆ. ಲೆನ್ಸ್ ಆಗ ಇನ್ನೂ ಕೂತಿರುವುದಿಲ್ಲ. ಇನ್ನೂ ಒಂದಿಷ್ಟು ಮೆಲ್ಲನೆ ಒತ್ತಿ, ದ್ರವ ಸುತ್ತಲಿಂದ ಹೊರಚೆಲ್ಲಿದ ಮೇಲೆ ಮೊದಲು ಕೆಳರೆಪ್ಪೆಯನ್ನು, ಅನಂತರ ಮೇಲ್ರೆಪ್ಪೆಯನ್ನು ಬಿಡಿ. ಪ್ಲಂಜರಿನಿಂದ ಕೈ ನಡುಗುವವರು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳನ್ನು ಮೂರು ಕಾಲಿನಂತೆ ಜೋಡಿಸಿ ಅದರ ಮೇಲೆ ಲೆನ್ಸ್ ಇಟ್ಟುಕೊಳ್ಳಬಹುದು. ನನಗಂತೂ ಅದೇ ಸುಲಭ.

ಮಳೆಬಿಲ್ಲು:

ನಾನು ಸಲೈನ್ ಬದಲು ಲೆನ್ಸ್ ತೊಳೆಯುವ ಮಲ್ಟಿಪರ್ಪಸ್ ಸೊಲ್ಯೂಷನ್ ತುಂಬಿಯೇ ಹಾಕುತ್ತೇನೆ. ಅದು ಸ್ವಲ್ಪ ದಪ್ಪವಾಗಿರುವುದರಿಂದ ಚೆಲ್ಲುವುದಿಲ್ಲ, ಗುಳ್ಳೆಯೂ ಬರುವುದಿಲ್ಲ. ಬೇಕಿದ್ದರೆ ನೀವೂ ಪ್ರಯತ್ನಿಸಬಹುದು.

ದೃಷ್ಟಿಮಾಪಕಿ:

ದಯವಿಟ್ಟು ಯಾರೂ ಪ್ರಯತ್ನಿಸಬೇಡಿ, ಮಳೆಬಿಲ್ಲು ಅವರೂ ಇಂದೇ ನಿಲ್ಲಿಸಬೇಕೆಂದು ಕಳಕಳಿಯಿಂದ ಕೇಳುತ್ತೇನೆ. ಆ ಸೊಲ್ಯೂಷನ್‌ನಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕಗಳಿರುತ್ತವೆ. ಮೆದು ಲೆನ್ಸ್ ಅಥವಾ ಆರ್‌ಜಿಪಿಯಲ್ಲಿ ಕಣ್ಣೀರು ಅದನ್ನು ಬೇಗನೆ ತೊಳೆದುಬಿಡುತ್ತದೆ. ಸ್ಕ್ಲೀರಲ್ ಲೆನ್ಸ್‌ನ ಒಳಗೆ ಕಣ್ಣೀರಿನ ಓಡಾಟ ಬಹಳ ಕಡಿಮೆ, ತುಂಬಿದ ದ್ರವ ಇಡೀ ದಿನ ಕಾರ್ನಿಯಾಕ್ಕೆ ತಾಗಿಕೊಂಡೇ ಇರುತ್ತದೆ. ಅಷ್ಟು ಹೊತ್ತು ಆ ರಾಸಾಯನಿಕ ತಾಗಿದರೆ ಕಾರ್ನಿಯಾದ ಮೇಲ್ಪದರ ಹಾಳಾಗುತ್ತದೆ. ಸಂರಕ್ಷಕ ಬೆರೆಸದ, ಕ್ರಿಮಿರಹಿತವಾದ, ಒಮ್ಮೆ ಬಳಸಿ ಎಸೆಯುವ ಪುಟ್ಟ ಸೀಸೆಯ ಸಲೈನ್ ಮಾತ್ರ ತುಂಬಬೇಕು. ಸಂರಕ್ಷಕ ಇಲ್ಲದ ಕಾರಣ, ತೆರೆದ ಸೀಸೆಯಲ್ಲಿ ಉಳಿದದ್ದನ್ನು ಮರುದಿನಕ್ಕೆ ಎತ್ತಿಡುವಂತಿಲ್ಲ.

ಕಿಟಕಿಬೆಳಕು:

ಇದಕ್ಕೆ ಸೇರಿಸಿ ನಲ್ಲಿ ನೀರಿನ ಮಾತನ್ನೂ ಹೇಳಿಬಿಡೋಣ. ಕುದಿಸಿದ ನೀರಾಗಲಿ, ಶುದ್ಧೀಕರಿಸಿದ ಕುಡಿಯುವ ನೀರಾಗಲಿ ಲೆನ್ಸ್‌ಗೂ ಅದರ ಡಬ್ಬಿಗೂ ಪ್ಲಂಜರಿಗೂ ಸೋಕಬಾರದು. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಎಲ್ಲ ಕಡೆ ಇರುತ್ತದೆ. ಲೆನ್ಸ್ ಹಾಕುವವರ ಕಾರ್ನಿಯಾಕ್ಕೆ ಅದು ಹತ್ತಿದರೆ ತಿಂಗಳುಗಟ್ಟಲೆ ಔಷಧಿ ಹಾಕಬೇಕಾಗುತ್ತದೆ, ಕೆಲವರಿಗೆ ಕಾರ್ನಿಯಾ ಕಸಿಯೇ ಗತಿಯಾಗುತ್ತದೆ. ಕೈ ತೊಳೆದ ಮೇಲೆ ಚೆನ್ನಾಗಿ ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು.

ಹೈಡ್ರೋಜನ್ ಪೆರಾಕ್ಸೈಡ್ ವಿಧಾನ ಬಳಸುವವರು ಅದರ ಜೊತೆ ಬರುವ ಡಬ್ಬಿಯಲ್ಲಿ ಮಾತ್ರ, ಕನಿಷ್ಠ 6 ಗಂಟೆ ನೆನೆಸಬೇಕು. ಆ ಡಬ್ಬಿಯಲ್ಲಿರುವ ಲೋಹದ ಬಿಲ್ಲೆ ಅಥವಾ ಅದರೊಂದಿಗೆ ಹಾಕುವ ಮಾತ್ರೆ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಹಾಗೆ ಒಡೆಯುವ ಮೊದಲೇ ಕಣ್ಣಿಗೆ ಹಾಕಿದರೆ ಸುಟ್ಟಂಥ ಉರಿ.

ಮಳೆಬಿಲ್ಲು:

ರಾಸಾಯನಿಕ ಒಳಗೇ ಉಳಿಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಹಾಗಾದರೆ ದಪ್ಪನೆಯ ದ್ರವ ಬೇಕೆನಿಸಿದವರಿಗೆ ಬೇರೆ ದಾರಿಯೇ ಇಲ್ಲವೇ?

ದೃಷ್ಟಿಮಾಪಕಿ:

ಇದೆ. ಸಂರಕ್ಷಕವಿಲ್ಲದ ದಪ್ಪ ಕೃತಕ ಕಣ್ಣೀರನ್ನು ಲೆನ್ಸ್‌ನ ತಳದಲ್ಲಿ ಒಂದೆರಡು ಹನಿ ಹಾಕಿ, ಮೇಲೆ ಸಲೈನ್ ತುಂಬುವುದುಂಟು. ಮಂಜು ಕವಿಯುವವರಲ್ಲಿ ಕೆಲವರಿಗೆ ಇದರಿಂದ ಅನುಕೂಲವಾಗುತ್ತದೆ. ಆದರೆ ಮೊದಲು ಮಂಜಿನ ಕಾರಣ ಹುಡುಕಬೇಕು. ಲೆನ್ಸ್ ಮತ್ತು ಕಾರ್ನಿಯಾದ ನಡುವಿನ ಅಂತರ ಬೇಕಾದದ್ದಕ್ಕಿಂತ ಹೆಚ್ಚಿದ್ದರೆ, ಅಥವಾ ಅಂಚು ಒಂದು ಕಡೆ ಎತ್ತಿಕೊಂಡಿದ್ದರೆ, ಕಣ್ಣೀರಿನಲ್ಲಿರುವ ಕೊಬ್ಬು, ಲೋಳೆ, ಸತ್ತ ಕೋಶಗಳು ಒಳಗೆ ಸೇರಿ ಹೊರಬರಲಾಗದೆ ಅಲ್ಲೇ ತೇಲುತ್ತಿರುತ್ತವೆ. ರೆಪ್ಪೆಯಂಚಿನ ಗ್ರಂಥಿಗಳ ಊತ ಅಥವಾ ಅಲರ್ಜಿ ಇರುವವರಲ್ಲಿ ಇದು ಜಾಸ್ತಿ, ಅವರಿಗೆ ಮೊದಲು ರೆಪ್ಪೆಗೆ ಚಿಕಿತ್ಸೆ ಆಗಬೇಕು. ಎಲ್ಲ ಸರಿಪಡಿಸಿದ ಮೇಲೂ ದಿನಕ್ಕೊಮ್ಮೆ ತೆಗೆದು ತುಂಬಬೇಕಾದವರು ಇದ್ದೇ ಇದ್ದಾರೆ. ಅದಕ್ಕೆ ಬೇಸರಿಸಬೇಕಿಲ್ಲ.

ಹುಡುಗನತಾಯಿ:

ನನ್ನ ಮಗನಿಗೆ 17 ವರ್ಷ. ಈಗಷ್ಟೇ ಕೆರಟೋಕೋನಸ್ ಎಂದು ಗೊತ್ತಾಗಿದೆ. ಲೆನ್ಸ್ ಹಾಕಿಸಿದರೆ ಕಾಯಿಲೆ ನಿಲ್ಲುತ್ತದೆಯೇ? ಕನ್ನಡಕದ ನಂಬರು ಪದೇ ಪದೇ ಬದಲಾಗುತ್ತಿದ್ದುದಕ್ಕೆ ಇದೇ ಕಾರಣವಂತೆ. ಕನ್ನಡಕದಿಂದ ಆಗದ್ದು ಲೆನ್ಸ್‌ನಿಂದ ಹೇಗೆ ಆಗುತ್ತದೆ ಎಂಬುದೂ ನನಗೆ ಅರ್ಥವಾಗಿಲ್ಲ.

ಹಳೆಯಲೆನ್ಸ್:

ಗಟ್ಟಿ ಲೆನ್ಸ್ ಮೇಲಿನಿಂದ ಒತ್ತಿ ಹಿಡಿಯುವುದರಿಂದ ಉಬ್ಬು ಮುಂದೆ ಬರುವುದಿಲ್ಲ ಎಂದು ನನಗೆ ಹಿಂದೆ ಹೇಳಿದ್ದರು. ನನ್ನ ಕಣ್ಣು ಇಷ್ಟು ವರ್ಷ ಸ್ಥಿರವಾಗಿರುವುದು ಅದಕ್ಕೇ ಎಂದುಕೊಂಡಿದ್ದೇನೆ.

ದೃಷ್ಟಿಮಾಪಕಿ:

ಆ ನಂಬಿಕೆ ಒಂದು ಕಾಲದಲ್ಲಿ ವ್ಯಾಪಕವಾಗಿತ್ತು, ಆದರೆ ಅದು ನಿಜವಲ್ಲ. ಯಾವ ಲೆನ್ಸೂ ಕೆರಟೋಕೋನಸ್ ಅನ್ನು ತಡೆಯುವುದಿಲ್ಲ. ಉಬ್ಬಿನ ತುದಿಯನ್ನು ಒತ್ತುವ ಲೆನ್ಸ್ ಅಲ್ಲಿ ಕಲೆ ಉಳಿಸುವ ಅಪಾಯವೇ ಹೆಚ್ಚು. ಈ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದಲ್ಲಿ ಆರಂಭವಾಗಿ, ಮೂವತ್ತು ನಲವತ್ತರ ವಯಸ್ಸಿನ ಹೊತ್ತಿಗೆ ತಾನಾಗಿಯೇ ನಿಧಾನವಾಗುತ್ತದೆ. ನಿಮ್ಮ ಕಣ್ಣು ಸ್ಥಿರವಾಗಿರುವುದಕ್ಕೆ ವಯಸ್ಸೇ ಕಾರಣವಿರಬೇಕು.

ತಾಯಿಯವರಿಗೆ: ಮುಂದುವರಿಯದಂತೆ ತಡೆಯಲು ಇರುವ ಚಿಕಿತ್ಸೆ ಕ್ರಾಸ್‌ಲಿಂಕಿಂಗ್. ರೈಬೋಫ್ಲೇವಿನ್ ಹನಿ ಹಾಕಿ ಕಾರ್ನಿಯಾದ ಮೇಲೆ ಅತಿನೇರಳೆ ಕಿರಣ ಹಾಯಿಸಿದಾಗ ಅದರೊಳಗಿನ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆಗಳಾಗಿ ಕಾರ್ನಿಯಾ ಗಟ್ಟಿಯಾಗುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ಈ ವಿಧಾನದ ಮೊದಲ ಫಲಿತಾಂಶಗಳು 2003ರಲ್ಲಿ ಪ್ರಕಟವಾದವು. ಅದು ಇದ್ದ ದೃಷ್ಟಿಯನ್ನು ಉಳಿಸುತ್ತದೆಯೇ ಹೊರತು ಹೋದ ಸ್ಪಷ್ಟತೆಯನ್ನು ಪೂರ್ತಿ ತಂದುಕೊಡುವುದಿಲ್ಲ. ನಿಮ್ಮ ಮಗನ ವಯಸ್ಸಿನಲ್ಲಿ ಕಾಯಿಲೆ ವೇಗವಾಗಿ ಮುಂದುವರಿಯಬಹುದಾದ್ದರಿಂದ, ಲೆನ್ಸ್‌ಗಿಂತ ಮೊದಲು ಕಾರ್ನಿಯಾ ತಜ್ಞರ ಬಳಿ ಇದನ್ನು ಕೇಳಿ, ತಡಮಾಡಬೇಡಿ.

ಎರಡನೆಯ ಪ್ರಶ್ನೆಗೆ: ಹೊಂಡ ಬಿದ್ದ ರಸ್ತೆಯಲ್ಲಿ ಮಳೆನೀರು ನಿಂತಾಗ ಮೇಲ್ಮೈ ಹೇಗೆ ಮಟ್ಟಸವಾಗಿ ಕಾಣುತ್ತದೆಯೋ ಹಾಗೆ, ಗಟ್ಟಿ ಲೆನ್ಸ್‌ನ ಅಡಿಯಲ್ಲಿ ನಿಂತ ದ್ರವ ಕಾರ್ನಿಯಾದ ಏರುತಗ್ಗುಗಳನ್ನು ತುಂಬುತ್ತದೆ. ಬೆಳಕು ಆಗ ಲೆನ್ಸ್‌ನ ನಯವಾದ ಮೇಲ್ಮೈಯ ಮೂಲಕ ಒಳಹೋಗುತ್ತದೆ. ಕನ್ನಡಕ ಕಣ್ಣಿನಿಂದ ದೂರವಿದ್ದು, ಕಾರ್ನಿಯಾದ ಒಂದೊಂದು ಬಿಂದುವಿಗೂ ಬೇರೆ ಬೇರೆಯಾದ ತಿದ್ದುಪಡಿ ಕೊಡಲು ಅದರಿಂದ ಆಗುವುದಿಲ್ಲ.

ಕಿಟಕಿಬೆಳಕು:

ಮಗ ಕಣ್ಣು ಉಜ್ಜುತ್ತಾನೆಯೇ ಎಂದು ಗಮನಿಸಿ. ಉಜ್ಜುವ ಅಭ್ಯಾಸಕ್ಕೂ ಈ ಕಾಯಿಲೆಗೂ ನಂಟಿದೆ. ಅಲರ್ಜಿಯಿಂದ ತುರಿಕೆ ಇದ್ದರೆ ಅದಕ್ಕೆ ಔಷಧಿ ಕೊಡಿಸಿ. "ಉಜ್ಜಬೇಡ" ಎಂದು ಗದರಿದರೆ ತುರಿಕೆ ನಿಲ್ಲುವುದಿಲ್ಲ.

ಗಾಜುಗಣ್ಣು:

ಸ್ಕ್ಲೀರಲ್ ಲೆನ್ಸ್ ಹೊಸ ಸಂಶೋಧನೆ ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಮೊಟ್ಟಮೊದಲ ಕಾಂಟ್ಯಾಕ್ಟ್ ಲೆನ್ಸ್‌ಗಳೇ ಬಿಳಿಗುಡ್ಡೆಯ ಮೇಲೆ ಕೂರುವ ಗಾಜಿನ ಲೆನ್ಸ್‌ಗಳು. 1888ರಲ್ಲಿ ಜ್ಯೂರಿಕ್‌ನಲ್ಲಿದ್ದ ಅಡಾಲ್ಫ್ ಫಿಕ್ ಅವುಗಳ ಬಗ್ಗೆ ಬರೆದರು. ಅದೇ ವರ್ಷ ಫ್ರಾನ್ಸಿನ ಯೂಜೀನ್ ಕಾಲ್ಟ್ ಕೆರಟೋಕೋನಸ್ ರೋಗಿಗಳಿಗೆ ಗಾಜಿನ ಲೆನ್ಸ್ ಬಳಸಿದರು. ಆಮ್ಲಜನಕ ಹಾಯದ ಗಾಜನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲು ಆಗುತ್ತಿರಲಿಲ್ಲ. 1948ರಲ್ಲಿ ಕೆವಿನ್ ಟುಯೋಹಿ ಕಾರ್ನಿಯಾದ ಮೇಲಷ್ಟೇ ಕೂರುವ ಪ್ಲಾಸ್ಟಿಕ್ ಲೆನ್ಸ್ ರೂಪಿಸಿದ ಮೇಲೆ ದೊಡ್ಡ ಲೆನ್ಸ್‌ಗಳು ಹಿಂದೆ ಸರಿದವು. 1983ರಲ್ಲಿ ಡೊನಾಲ್ಡ್ ಎಝೆಕಿಯಲ್ ಆಮ್ಲಜನಕ ಹಾಯುವ ವಸ್ತುವಿನಲ್ಲಿ ಸ್ಕ್ಲೀರಲ್ ಲೆನ್ಸ್ ಮಾಡಿದ್ದನ್ನು ವರದಿ ಮಾಡಿದ ಮೇಲೆ ಅವು ಮತ್ತೆ ಬಳಕೆಗೆ ಬರತೊಡಗಿದವು. ಅಂದರೆ ನಾವು ಹಾಕುತ್ತಿರುವುದು ಒಮ್ಮೆ ಕೈಬಿಟ್ಟು ಮತ್ತೆ ಎತ್ತಿಕೊಂಡ ಉಪಾಯ.

ಕಸಿಕಣ್ಣು:

ಆಮ್ಲಜನಕದ ಮಾತು ಬಂದದ್ದರಿಂದ ನನ್ನಂಥವರಿಗಾಗಿ ಒಂದು ಮಾತು. ನನಗೆ ಕಾರ್ನಿಯಾ ಕಸಿಯಾಗಿದೆ, ಹೊಲಿಗೆಗಳನ್ನು ತೆಗೆದ ಮೇಲೂ ಮೇಲ್ಮೈ ಡೊಂಕಾಗಿಯೇ ಉಳಿದು ಸ್ಕ್ಲೀರಲ್ ಹಾಕಬೇಕಾಗಿ ಬಂತು. ಕಸಿಯಾದ ಕಾರ್ನಿಯಾದ ಒಳಪದರದಲ್ಲಿ ನೀರನ್ನು ಹೊರಹಾಕುವ ಕೋಶಗಳು ಕಡಿಮೆ ಇರುತ್ತವೆ, ಅವು ಮತ್ತೆ ಬೆಳೆಯುವುದೂ ಇಲ್ಲ. ಲೆನ್ಸ್ ದಪ್ಪವಿದ್ದು, ಅದರಡಿಯ ದ್ರವದ ಪದರವೂ ದಪ್ಪವಿದ್ದರೆ ಆಮ್ಲಜನಕ ಕಡಿಮೆಯಾಗಿ ಕಾರ್ನಿಯಾ ಊದಿಕೊಳ್ಳಬಹುದು. ಲೆನ್ಸ್ ತೆಗೆದ ಮೇಲೂ ದೀಪಗಳ ಸುತ್ತ ಬಣ್ಣಬಣ್ಣದ ಬಳೆ ಕಂಡರೆ, ಅಥವಾ ಕಸಿಯಾದ ಕಣ್ಣು ಕೆಂಪಾಗಿ ಬೆಳಕು ಸಹಿಸದಂತಾದರೆ, ಲೆನ್ಸ್ ಪಕ್ಕಕ್ಕಿಟ್ಟು ಅಂದೇ ವೈದ್ಯರನ್ನು ಕಾಣಬೇಕು. "ಅಭ್ಯಾಸವಾಗುತ್ತದೆ" ಎಂಬ ಮಾತನ್ನು ಕಸಿಯಾದವರು ಕಿವಿಗೇ ಹಾಕಿಕೊಳ್ಳಬಾರದು.

ರಾತ್ರಿದಾರಿ:

ಸ್ಕ್ಲೀರಲ್ ಹಾಕಿದ ಮೇಲೂ ರಾತ್ರಿ ಎದುರಿನಿಂದ ಬರುವ ವಾಹನದ ದೀಪಗಳಿಗೆ ಬಾಲ ಬೆಳೆದಂತೆ ಕಾಣುತ್ತದೆ. ಹಗಲಿನಲ್ಲಿ ಚಾರ್ಟಿನ ಕೊನೆಯ ಸಾಲಿನವರೆಗೂ ಓದುತ್ತೇನೆ. ಲೆನ್ಸ್ ಸರಿಯಿಲ್ಲವೆಂದು ಇದರ ಅರ್ಥವೇ?

ದೃಷ್ಟಿಮಾಪಕಿ:

ಹಾಗೇನೂ ಇಲ್ಲ. ಲೆನ್ಸ್ ಕಾರ್ನಿಯಾದ ಮುಂಭಾಗದ ಡೊಂಕನ್ನು ಮುಚ್ಚುತ್ತದೆ, ಹಿಂಭಾಗದ ಡೊಂಕು ಹಾಗೆಯೇ ಉಳಿಯುತ್ತದೆ. ರಾತ್ರಿ ಪಾಪೆ ಹಿಗ್ಗಿದಾಗ ಅದು ಎದ್ದು ಕಾಣುತ್ತದೆ. ಲೆನ್ಸ್ ಸ್ವಲ್ಪ ಕೆಳಕ್ಕೆ ಜಾರಿ ಕೂತಿದ್ದರೂ ಹೀಗಾಗುತ್ತದೆ, ಅದನ್ನು ತಿದ್ದಬಹುದು. ಹೊರಮೈ ಒಣಗಿದ್ದರೂ ದೀಪ ಚದುರುತ್ತದೆ.

ನಲವತ್ತರಾಚೆ:

ದೂರದ್ದು ಚೆನ್ನಾಗಿ ಕಾಣುತ್ತದೆ, ಪುಸ್ತಕ ಹಿಡಿದರೆ ಮಸುಕು. ಲೆನ್ಸ್ ಮೇಲೆ ಓದುವ ಕನ್ನಡಕ ಹಾಕಿಕೊಳ್ಳಬಹುದೇ?

ನೀರಹನಿ:

ಧಾರಾಳವಾಗಿ ಹಾಕಿಕೊಳ್ಳಬಹುದು. ನಾನೂ ಹಾಗೆಯೇ ಓದುತ್ತೇನೆ.

ಲೆನ್ಸ್ ತೆಗೆಯುವ ಬಗ್ಗೆ ಯಾರೂ ಹೇಳಲಿಲ್ಲ, ಅದೂ ಮುಖ್ಯ. ಸಣ್ಣ ಪ್ಲಂಜರನ್ನು ಸಲೈನ್‌ನಿಂದ ಒದ್ದೆ ಮಾಡಿ ಲೆನ್ಸ್‌ನ ಅಂಚಿನ ಹತ್ತಿರ ಹಚ್ಚಬೇಕು. ನಡುಮಧ್ಯೆ ಹಚ್ಚಿ ಎಳೆದರೆ ಲೆನ್ಸ್‌ನ ಒಳಗಿನ ಹೀರುವಿಕೆಯ ವಿರುದ್ಧ ಎಳೆದಂತಾಗಿ ಕಣ್ಣಿಗೂ ಅಪಾಯ, ಲೆನ್ಸೂ ಒಡೆಯಬಹುದು. ಬಿಗಿಯಾಗಿ ಅಂಟಿಕೊಂಡಿದ್ದರೆ ಮೊದಲು ಹನಿ ಹಾಕಿ, ಕೆಳರೆಪ್ಪೆಯ ಮೂಲಕ ಲೆನ್ಸ್‌ನ ಅಂಚಿನ ಆಚೆಯ ಬಿಳಿಗುಡ್ಡೆಯನ್ನು ಬೆರಳ ತುದಿಯಿಂದ ಮೆಲ್ಲನೆ ಒತ್ತಿದರೆ ಅಂಚಿನಡಿ ಗಾಳಿ ಹೊಕ್ಕು ಹಿಡಿತ ಸಡಿಲವಾಗುತ್ತದೆ. ಹಾಗೆಯೇ, ತೆಗೆಯುವ ಮೊದಲು ಲೆನ್ಸ್ ಕಣ್ಣಿನಲ್ಲಿಯೇ ಇದೆಯೇ ಎಂದು ಕನ್ನಡಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಬರಿಗಣ್ಣಿಗೆ ಪ್ಲಂಜರ್ ಹಚ್ಚುವುದು ಅತ್ಯಂತ ಅಪಾಯಕಾರಿ.

ಹೊಂಬೆಳಕು:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಬೆಳಿಗ್ಗೆಯೇ ಲೆನ್ಸ್ ಹಾಕಿಕೊಂಡು, ಮಧ್ಯಾಹ್ನದ ಮೇಲೆ ಬೇರೊಬ್ಬ ಆಪ್ಟೋಮೆಟ್ರಿಸ್ಟ್ ಬಳಿ ತೋರಿಸಿದೆ. ಎಡಗಣ್ಣಿನಲ್ಲಿ ಮೂಗಿನ ಕಡೆ ರಕ್ತನಾಳಗಳು ಬಿಳಿಚಿಕೊಂಡಿರುವುದನ್ನು ಅವರು ಫೋಟೋ ತೆಗೆದು ನನಗೇ ತೋರಿಸಿದರು. ಅಂಚನ್ನು ಬದಲಿಸಿದ ಹೊಸ ಲೆನ್ಸ್ ಬಂದ ಮೇಲೆ ಆ ನೋವು ಇಲ್ಲ, ಗುರುತೂ ಇಲ್ಲ. ಬಲಗಣ್ಣಿನಲ್ಲಿ ಅಂತರ ಹೆಚ್ಚಾಗಿತ್ತು ಎಂದು ಸ್ವಲ್ಪ ತಗ್ಗಿಸಿದ್ದಾರೆ. ಮಂಜು ಈಗ ತಡವಾಗಿ ಬರುತ್ತದೆ, ಪೂರ್ತಿ ಹೋಗಿಲ್ಲ. ದಿನಕ್ಕೊಮ್ಮೆ ತೆಗೆದು ತುಂಬುತ್ತೇನೆ. ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿದ ಮೇಲೆ ಗುಳ್ಳೆಯ ಕಾಟ ಬಹುಮಟ್ಟಿಗೆ ತಪ್ಪಿದೆ.

ಹಳೆಯಲೆನ್ಸ್:

ಕೇಳಿ ಸಂತೋಷವಾಯಿತು. ಆದರೂ ಆರ್‌ಜಿಪಿಯನ್ನು ಎಲ್ಲರೂ ಹಳೆಯ ಕಾಲದ್ದೆಂದು ಬದಿಗೆ ಸರಿಸುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಹಾಕಲು ದ್ರವ ತುಂಬಬೇಕಿಲ್ಲ, ಪ್ಲಂಜರ್ ಬೇಕಿಲ್ಲ, ಮಂಜು ಕವಿಯುವುದಿಲ್ಲ.

ದೃಷ್ಟಿಮಾಪಕಿ:

ಈ ಮಾತಿನಲ್ಲಿ ನಾನು ನಿಮ್ಮ ಪಕ್ಷ. ಪ್ರತಿ ಮಿಟುಕಿಗೂ ಅದರಡಿ ಹೊಸ ಕಣ್ಣೀರು ಹರಿಯುವುದರಿಂದ ಕಾರ್ನಿಯಾಕ್ಕೆ ಆಮ್ಲಜನಕವೂ ಚೆನ್ನಾಗಿ ಸಿಗುತ್ತದೆ. ಉಬ್ಬು ಹೆಚ್ಚಿಲ್ಲದವರಿಗೆ, ಧೂಳಿನಲ್ಲಿ ಕೆಲಸ ಮಾಡದವರಿಗೆ ಅದು ಇಂದಿಗೂ ಒಳ್ಳೆಯ ಲೆನ್ಸ್. ಆರ್‌ಜಿಪಿಯ ಅಡಿಯಲ್ಲಿ ಮೆದು ಲೆನ್ಸ್ ಹಾಕುವ ಪಿಗ್ಗಿಬ್ಯಾಕ್ ವಿಧಾನವಿದೆ, ನಡುವೆ ಗಟ್ಟಿ, ಸುತ್ತ ಮೆದುವಾದ ಹೈಬ್ರಿಡ್ ಲೆನ್ಸ್‌ಗಳೂ ಇವೆ. ಸಮಸ್ಯೆಯಿಲ್ಲದೆ ನಡೆಯುತ್ತಿರುವ ಲೆನ್ಸನ್ನು ಬೇರೆಯವರು ಬದಲಾಯಿಸಿದರೆಂಬ ಕಾರಣಕ್ಕೆ ಬದಲಾಯಿಸಬೇಕಾಗಿಲ್ಲ. ತಪಾಸಣೆಯನ್ನು ಮಾತ್ರ ತಪ್ಪಿಸಬೇಡಿ.

ಹುಡುಗನತಾಯಿ:

ಮಗನಿಗೆ ಕ್ರಾಸ್‌ಲಿಂಕಿಂಗ್ ನಿಗದಿಯಾಗಿದೆ. ಕಣ್ಣು ಮಾಗಿದ ಮೇಲೆ ಲೆನ್ಸ್ ಅಳತೆ ತೆಗೆಯುತ್ತಾರಂತೆ. ಕಣ್ಣಿನ ಹತ್ತಿರ ಕೈ ತಂದರೇ ಅವನು ಹಿಂದೆ ಸರಿಯುತ್ತಾನೆ. ಅಷ್ಟರೊಳಗೆ ಮನೆಯಲ್ಲಿ ಏನಾದರೂ ಅಭ್ಯಾಸ ಮಾಡಿಸಬಹುದೇ?

ನೀರಹನಿ:

ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಕಣ್ಣಿನ ತಂಟೆಗೆ ಹೋಗಬೇಡಿ. ಮಾಗಿದೆ ಎಂದು ವೈದ್ಯರು ಹೇಳಿದ ಮೇಲೆ, ಉಗುರು ಕತ್ತರಿಸಿ, ಕೈ ತೊಳೆದು ಒಣಗಿಸಿಕೊಂಡು, ತಲೆ ಪೂರ್ತಿ ಬಗ್ಗಿಸಿ ರೆಪ್ಪೆಗಳನ್ನು ಬುಡದಲ್ಲಿ ಹಿಡಿದು ನಿಲ್ಲುವುದನ್ನಷ್ಟೇ ಅಭ್ಯಾಸ ಮಾಡಲಿ. ಮಿಟುಕಿಸಬೇಕೆನಿಸಿದರೂ ರೆಪ್ಪೆ ಜಾರದಂತೆ ಹಿಡಿಯುವುದು ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಲ ಬಾರಿ ಹಾಕುವಾಗ ನೀವು ಪಕ್ಕದಲ್ಲಿರಿ, ಆದರೆ ಲೆನ್ಸ್ ಹಾಕುವ ಕೈ ಅವನದೇ ಆಗಿರಲಿ. ಇನ್ನೊಬ್ಬರ ಕೈ ಹತ್ತಿರ ಬಂದಾಗ ಮುಚ್ಚಿಕೊಳ್ಳುವಷ್ಟು ಕಣ್ಣು ತನ್ನದೇ ಕೈಗೆ ಮುಚ್ಚಿಕೊಳ್ಳುವುದಿಲ್ಲ.